ಯಜಮಾನರು ದೀಕ್ಷಾಸ್ನಾನ ತಗೊಳ್ತೀನಿ ಅಂತಿದ್ದಾರೆ, ನಾನೇನು ಮಾಡಲಿ?

ಜೋಳದ ತೆನೆ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ಊರಲ್ಲಿ ಯಾರ ಹತ್ತಿರ ಕೇಳಿದರೂ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ತಿಕೋಟಾ ಕಡೆಯ ಹಳ್ಳಿ. ಯಜಮಾನರು ಸ್ವಂತ ಟಾಟಾ ಏಸ್ ಓಡಿಸುತ್ತಾರೆ. ಸೀಸನ್ನಿನಲ್ಲಿ ಒಣದ್ರಾಕ್ಷಿ ಬಾಕ್ಸ್ ಹೇರಿಕೊಂಡು ಕೋಲ್ಡ್ ಸ್ಟೋರೇಜಿಗೆ, ತಾಸಗಾಂವ್ ಮಾರ್ಕೆಟ್ಟಿಗೆ ಹೋಗಿ ಬರುತ್ತಾರೆ. ಕುಡಿತ ಅಲ್ಲೇ ಅಂಟಿಕೊಂಡಿದ್ದು. ಬಾಡಿಗೆ ದುಡ್ಡು ಮನೆ ಮುಟ್ಟುವ ಮುಂಚೆಯೇ ಮುಗಿಯುತ್ತಿತ್ತು. ನನ್ನ ಬೋರಮಾಳ ಸರ ಸೊಸೈಟಿಯಲ್ಲಿ ಅಡವಿದೆ. ಗಾಡಿಯ ಕಂತು ತಪ್ಪಿ ಫೈನಾನ್ಸಿನವರು ಮನೆ ಮುಂದೆ ಬಂದು ನಿಂತಿದ್ದೂ ಆಗಿದೆ.

ಹೋದ ವರ್ಷ ಇವರ ಜೊತೆ ಗಾಡಿ ಹೊಡೆಯುವ ಒಬ್ಬರು ವಿಜಯಪುರದಲ್ಲಿ ಕ್ರೈಸ್ತರ ಪ್ರಾರ್ಥನೆಗೆ ಕರೆದುಕೊಂಡು ಹೋದರು. ಒಂದು ಮನೆಯ ಮಾಳಿಗೆ ಮೇಲೆ ಹತ್ತಿಪ್ಪತ್ತು ಜನ ಸೇರುತ್ತಾರೆ, ಅಷ್ಟೇ. ಹೋಗ್ತಾ ಹೋಗ್ತಾ ಕುಡಿತ ಕಡಿಮೆ ಆಯಿತು, ಆಮೇಲೆ ನಿಂತೇ ಹೋಯಿತು. ಈಗ ಬೆಳಿಗ್ಗೆ ಗಾಡಿ ಚಾಲು ಮಾಡುವ ಮುಂಚೆ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಪ್ರಾರ್ಥನೆ ಮಾಡುತ್ತಾರೆ. ಮಗಳು ಹಾಸ್ಟೆಲ್ಲಿನಿಂದ ಬಂದಾಗ ಅವಳ ಜೊತೆ ಕೂತು ಊಟ ಮಾಡುತ್ತಾರೆ. ಮೊದಲು ಅವಳು ಅಪ್ಪ ಮಲಗಿದ ಮೇಲೆ ಉಣ್ಣುತ್ತಿದ್ದಳು.

ಈಗ ಕೊಲ್ಹಾರದ ಹತ್ತಿರ ಕೃಷ್ಣಾ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತ ಆಗ್ತೀನಿ ಅಂತಿದ್ದಾರೆ. ಪಾಸ್ಟರ್ ಮುಂದಿನ ತಿಂಗಳು ಅಂದಿದ್ದಾರಂತೆ. ಮನೆಯಲ್ಲಿ ರಂಪ ಶುರುವಾಗಿದೆ. ನಮ್ಮ ಮನೆದೇವರು ಸವದತ್ತಿ ಯಲ್ಲಮ್ಮ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಇವರು ಪೈರಿಗೆ ಎಡೆಯ ಅಡುಗೆ ಚೆಲ್ಲುವ ಚರಗ ಚೆಲ್ಲಲಿಲ್ಲ, ಬದುವಿನ ಮೇಲೆ ದೂರ ಕೂತರು. ಅತ್ತೆ ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟಿದ್ದಾರೆ. ಮೈದುನ, ಧರ್ಮ ಬಿಟ್ಟರೆ ಹೊಲದ ಪಾಲೂ ಬಿಡಬೇಕು ಅನ್ನುತ್ತಾನೆ. ನಮ್ಮದು ಎಸ್‌ಸಿ. ಮಗಳು ಪಿಯುಸಿ, ಅವಳ ಸ್ಕಾಲರ್‌ಶಿಪ್, ಸರ್ಟಿಫಿಕೇಟು ಏನಾಗುತ್ತದೆ ಅನ್ನೋ ಚಿಂತೆ ಬೇರೆ.

ನನಗೆ ಆ ದೇವರ ಮೇಲೆ ಸಿಟ್ಟಿಲ್ಲ. ನನ್ನ ಗಂಡನನ್ನು ಮನೆಗೆ ವಾಪಸ್ ಕಳಿಸಿದ್ದಾನೆ. ಆದರೆ ಅವರಿಗೆ ಬಂದ ನಂಬಿಕೆ ನನಗೆ ಬಂದಿಲ್ಲ. ನಾನೂ ಆಗಲೇಬೇಕಾ? ಬೇಡ ಅಂದರೆ ಮತ್ತೆ ಕುಡಿಯಲು ಶುರು ಮಾಡಿಬಿಟ್ಟರೆ ಅನ್ನೋ ಹೆದರಿಕೆಯೂ ಇದೆ. ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ.

ಹುನಗುಂದ ಮಾಸ್ತರ:

ತಂಗಿ, ಮೊದಲಿಗೆ ನಿಮ್ಮ ಮನೆಯವರು ಕುಡಿತ ಬಿಟ್ಟಿದ್ದು ಓದಿ ಸಂತೋಷವಾಯಿತು. ಆದರೆ ಕುಡಿತ ಬಿಡಲು ಧರ್ಮ ಬಿಡಬೇಕೆ? ನಮ್ಮ ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿದವರು. ಕಾಳುಕಡಿ ಬೇಡಲಿಲ್ಲ, ಜನರ ದುಶ್ಚಟ ಬೇಡಿದರು. ಎಷ್ಟೋ ಮಂದಿ ಕುಡಿತ, ಗುಟ್ಕಾ, ಸಿಗರೇಟು ಆ ಜೋಳಿಗೆಗೆ ಹಾಕಿ ಮನೆಗೆ ಹೋದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಜೋಳಿಗೆಗೆ ಚಟ ಹಾಕಿದವರನ್ನು ಅಪ್ಪಗಳು ನಿನ್ನ ಜಾತಿ ಯಾವುದು, ದೇವರು ಯಾವುದು ಅಂತ ಕೇಳಲಿಲ್ಲ, ಬದಲಿಸು ಅಂತಲೂ ಹೇಳಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಅವರ ಕರುಳು ಸುಡುವ ಕೆಲಸ ಬೇಡ ಅಂತ ನಿಮ್ಮ ಯಜಮಾನರಿಗೆ ಹೇಳಿ. ನಾನು ಬೈಯುತ್ತಿಲ್ಲ, ಹಿರಿಯನಾಗಿ ಹೇಳುತ್ತಿದ್ದೇನೆ.

ಉದ್ಯಮಬಾಗ್ ಖಾನಾವಳಿ, ಬೆಳಗಾವಿ:

ತಂಗಿ, ನೀನು ನಿಂತ ಜಾಗದಲ್ಲಿ ನಾನೂ ನಿಂತಿದ್ದೆ. ನಮ್ಮ ಯಜಮಾನರು ಇಲ್ಲಿ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ನಾನು ಖಾನಾವಳಿ ನಡೆಸುತ್ತೇನೆ. ಯೇಸುವನ್ನು ಮೊದಲು ನಂಬಿದ್ದು ಅವರು. ನಾನು ನಂಬಿದ್ದು ಎಷ್ಟೋ ವರ್ಷದ ಮೇಲೆ. ಸಭೆಯಲ್ಲಿ ಸಾಕ್ಷಿ ಹೇಳುವವರು ಮುಂಚೆ ಹೇಗಿದ್ದೆವು, ಈಗ ಹೇಗಿದ್ದೇವೆ ಅಂತ ಹೇಳುತ್ತಾರೆ. ಒಂದೇ ಮನೆಯಲ್ಲಿ ಒಬ್ಬರು ನಂಬಿ ಒಬ್ಬರು ನಂಬದೆ ಕಳೆದ ವರ್ಷಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿನಗೆ ಈಗ ಬೇಕಾಗಿರುವುದು ಅದೇ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮಾಸ್ತರರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಮಹಾಂತ ಅಪ್ಪಗಳ ಜೋಳಿಗೆಯಿಂದ ಉಳಿದ ಮನೆಗಳು ನನ್ನ ತವರಿನ ಕಡೆಯೂ ಇವೆ. ಕುಡಿತ ಬಿಡುವುದಕ್ಕಷ್ಟೇ ಆದರೆ ದೀಕ್ಷಾಸ್ನಾನ ಬೇಕಾಗಿಲ್ಲ. ಈ ಮಾತನ್ನು ಒಬ್ಬ ಕ್ರೈಸ್ತಳಾಗಿಯೇ ಹೇಳುತ್ತಿದ್ದೇನೆ. ನಾವು ಹರಕೆ ಹೊರುತ್ತೇವೆ, ಕೆಲಸ ಆದರೆ ತೀರಿಸುತ್ತೇವೆ, ಅಲ್ವಾ? ತುಂಬಾ ಜನ ದೀಕ್ಷೆಯನ್ನೂ ಹಾಗೇ ತೆಗೆದುಕೊಳ್ಳುತ್ತಾರೆ. ಜ್ವರ ಹೋಯಿತು, ಕೋರ್ಟ್ ಕೇಸ್ ಗೆದ್ದೆ, ಕುಡಿತ ಬಿಟ್ಟೆ, ಅದಕ್ಕೆ ನೀರಿಗಿಳಿಯುತ್ತೇನೆ ಅಂತ. ಅದು ಋಣ ತೀರಿಸಿದ ಹಾಗೆ ಆಯಿತು, ನಂಬಿಕೆ ಆಗಲಿಲ್ಲ. ನಾಳೆ ಅದೇ ಜ್ವರ ತಿರುಗಿ ಬಂದರೆ ಯೇಸುವಿನ ಜೊತೆಗಿನ ಲೆಕ್ಕವೂ ಮುಗಿಯಿತು.

ನಿನ್ನ ಯಜಮಾನರನ್ನು ಒಂದೇ ಒಂದು ಕೇಳು. ಜಗಳದ ದನಿಯಲ್ಲಿ ಬೇಡ, ಊಟ ಆದ ಮೇಲೆ ನಿಧಾನಕ್ಕೆ ಕೇಳು. ಯೇಸು ನಿಮಗೆ ಏನೂ ಕೊಡದೆ ಇದ್ದಿದ್ದರೂ, ನಾಳೆ ಗಾಡಿ ಪಲ್ಟಿ ಆಗಿ ಎಲ್ಲಾ ಹೋದರೂ, ಅವನೇ ಬೇಕಾ? ಅವರು ಏನು ಹೇಳುತ್ತಾರೋ ಅದನ್ನು ಕೇಳಿಸಿಕೋ. ನೀನು ಒಪ್ಪಬೇಕು ಅಂತಿಲ್ಲ. ಆದರೆ ನಿನ್ನ ಜೊತೆ ಬದುಕುವ ಮನುಷ್ಯ ಎಲ್ಲಿ ನಿಂತಿದ್ದಾನೆ ಅನ್ನುವುದು ನಿನಗೆ ಗೊತ್ತಾಗುತ್ತದೆ.

ಈ ಪ್ರಶ್ನೆ ನನಗೆ ಎಲ್ಲಿಂದ ಬಂತು ಹೇಳುತ್ತೇನೆ. ನಮ್ಮ ಯಜಮಾನರು ದೀಕ್ಷೆ ತೆಗೆದುಕೊಂಡ ಮರುವರ್ಷವೇ ಫೌಂಡ್ರಿಯಲ್ಲಿ ಕೈ ಸುಟ್ಟುಕೊಂಡರು. ಅಚ್ಚಿನ ಮರಳಿನಲ್ಲಿ ಹಸಿ ಉಳಿದಿತ್ತು. ಕರಗಿದ ಕಬ್ಬಿಣ ಸುರಿಯುತ್ತಿದ್ದಂತೆ ಸಿಡಿಯಿತು. ಬಲಗೈ ಮುಂಗೈಯಿಂದ ಮೊಣಕೈವರೆಗೆ ಸುಟ್ಟಿತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ, ರೊಟ್ಟಿ ಮುರಿಯಲು ಎಡಗೈಯೇ ಬೇಕು. ಆಸ್ಪತ್ರೆಗೆ ಬಂದವರೆಲ್ಲ ಒಂದೇ ಮಾತು: ಮನೆದೇವರನ್ನು ಬಿಟ್ಟಿದ್ದಕ್ಕೇ ಹೀಗಾಯಿತು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು, ಆಗ ನಾನಿನ್ನೂ ನಂಬಿರಲಿಲ್ಲವಲ್ಲ. ಕೆಲಸ ಹೋಯಿತು. ಕುಡಿಯಲು ಇದಕ್ಕಿಂತ ದೊಡ್ಡ ಕಾರಣ ಬೇಕಾ? ಅವರು ಕುಡಿಯಲಿಲ್ಲ. ನೋವಿಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲದೆ, ತಮಗೆ ಬಾಯಿಪಾಠ ಇದ್ದ ಬೈಬಲಿನ ಒಂದೇ ವಚನ ಹೇಳಿಕೊಳ್ಳುತ್ತಿದ್ದರು: 'ಎಲೈ ಕಷ್ಟಪಡುವವರೇ, ಹೊರೆಹೊತ್ತವರೇ, ನೀವೆಲ್ಲರೂ ನನ್ನ ಬಳಿಗೆ ಬನ್ನಿರಿ.' ಇದು ಕುಡಿತ ಬಿಡಿಸುವ ಔಷಧ ಅಲ್ಲ, ಬೇರೆ ಏನೋ ಇದೆ ಅಂತ ನನಗೆ ಮೊದಲ ಸಲ ಗೊತ್ತಾಗಿದ್ದು ಆಗ.

ಇನ್ನೊಂದು. ಗಂಡ ನಿಜವಾಗಿ ಬದಲಾದನೋ ಇಲ್ಲವೋ ಅಂತ ಭಾನುವಾರ ನೋಡಬೇಡ. ದುಡ್ಡು ಕೈಗೆ ಬಂದ ದಿನ ನೋಡು. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ನಮ್ಮದೊಂದು ಉದ್ರಿ ಪುಸ್ತಕ ಇತ್ತು. ಕೆಂಪು ರಟ್ಟು, ಮೂಲೆ ಎಲ್ಲಾ ಎಣ್ಣೆ ಹತ್ತಿ ಕರ್ರಗಾಗಿತ್ತು. ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಅನ್ನುವವನ ಕಥೆ ಬರುತ್ತದೆ. ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ಜನರನ್ನು ಸುಲಿದು ಸಾಹುಕಾರ ಆದವನು. ಗಿಡ್ಡ ಇದ್ದ, ಯೇಸುವನ್ನು ನೋಡಲು ಮರ ಹತ್ತಿದ. ಯೇಸು ಅವನ ಮನೆಗೇ ಹೋದ. ಅವತ್ತು ಆ ಮನುಷ್ಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಪಾಸ್ಟರ್ ಇದನ್ನು ಹೇಳಿದ ವಾರವೇ ನಮ್ಮ ಯಜಮಾನರು ಪಗಾರ ತಂದು ನೇರ ಅಂಗಡಿಗೆ ಹೋದರು. ಇಡೀ ಬಾಕಿ ತೀರಿಸಲು ಆಗಲಿಲ್ಲ, ತಿಂಗಳು ತಿಂಗಳು ಕೊಟ್ಟರು. ಕೊನೆಗೆ ಅಂಗಡಿಯವರು ಆ ಪುಟಗಳ ಮೇಲೆ ಅಡ್ಡ ಗೀಟು ಹಾಕಿ ಪುಸ್ತಕ ನನ್ನ ಕೈಗೇ ಕೊಟ್ಟರು. ಅದರಲ್ಲಿ ನನ್ನ ಹೆಸರಲ್ಲಿ ಅವರು ತಂದ ಬೀಡಿ, ಪಾಕೀಟು ಎಲ್ಲಾ ಬರೆದಿತ್ತು. ನಿನ್ನ ಬೋರಮಾಳ ಬಿಡಿಸುವ ಮಾತು ಅವರ ಬಾಯಿಂದ ಬಂದಿದೆಯಾ? ಬಂದಿಲ್ಲ ಅಂದರೆ ನೀನೇ ಎತ್ತು. ಅದೂ ದೀಕ್ಷೆಯ ತಯಾರಿಯೇ.

ಚರಗದ ವಿಷಯ. ಇಲ್ಲೇ ಮನೆಗಳು ಒಡೆಯುವುದು. ದೊಡ್ಡ ಸಿದ್ಧಾಂತಕ್ಕೆ ಯಾರೂ ಹೊಡೆದಾಡುವುದಿಲ್ಲ, ಪ್ರಸಾದಕ್ಕೆ ಹೊಡೆದಾಡುತ್ತಾರೆ. ನಮ್ಮ ಮನೆಯಲ್ಲಿ ನಾನು ಪೂಜೆ ಮಾಡುತ್ತಿದ್ದೆ, ಅವರು ಎಡೆ ಹಿಡಿದದ್ದನ್ನು ಉಣ್ಣುತ್ತಿರಲಿಲ್ಲ. ಹಬ್ಬದ ದಿನ ಒಬ್ಬರು ಉಪವಾಸ, ಒಬ್ಬರು ಅಳು. ಕೊನೆಗೆ ನಾನು ಕಂಡುಕೊಂಡದ್ದು ಇಷ್ಟೇ: ಎಡೆ ತೆಗೆಯುವ ಮುಂಚೆಯೇ ಅವರ ಪಾಲಿನ ಹೋಳಿಗೆ, ಪಲ್ಯ ಬೇರೆ ಡಬ್ಬಿಗೆ ತೆಗೆದಿಡುತ್ತಿದ್ದೆ. ಅದೇ ಒಲೆ, ಅದೇ ಕೈ, ಅದೇ ಹೋಳಿಗೆ. ಎಲ್ಲರ ಜೊತೆ ಕೂತು ಉಂಡರು. ನಮ್ಮ ಅತ್ತೆಗೆ ಬೇಕಾಗಿದ್ದು ಮಗ ಪಂಕ್ತಿಯಲ್ಲಿ ಕೂರುವುದು. ನಿನ್ನ ಯಜಮಾನರು ಚರಗ ಚೆಲ್ಲದಿದ್ದರೆ ಬಿಡಲಿ, ಆದರೆ ಬದುವಿನ ಮೇಲೆ ದೂರ ಕೂರಬಾರದಿತ್ತು. ಅವ್ವನ ಬುಟ್ಟಿ ಹೊರಲಿ, ಎತ್ತಿಗೆ ನೀರು ಕುಡಿಸಲಿ, ಸಜ್ಜಿ ರೊಟ್ಟಿ ಪಕ್ಕದಲ್ಲೇ ಕೂತು ಉಣ್ಣಲಿ. ಅದಕ್ಕೆ ಯಾವ ಪಾಸ್ಟರೂ ಬೇಡ ಅನ್ನುವುದಿಲ್ಲ.

ನೀನೂ ಆಗಲೇಬೇಕಾ ಅಂತ ಕೇಳಿದ್ದೀಯ. ಬೇಡ. ನಿನ್ನ ಯಜಮಾನರ ಸತ್ಯವೇದದಲ್ಲೇ, ಅಂದರೆ ಬೈಬಲಿನಲ್ಲೇ ಇದೆ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ, 7ನೇ ಅಧ್ಯಾಯ ತೆಗೆಸು. ನಂಬಿದ ಗಂಡನಿಗೆ ನಂಬದ ಹೆಂಡತಿ ಇದ್ದು, ಅವಳು ಜೊತೆಗೆ ಬದುಕಲು ಒಪ್ಪಿದರೆ ಅವನು ಅವಳನ್ನು ಬಿಡಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಅವಳನ್ನು ಎಳೆದು ತಾ ಅಂತ ಬರೆದಿಲ್ಲ. ಗಂಡ ಮತ್ತೆ ಕುಡಿದುಬಿಟ್ಟಾನು ಅನ್ನೋ ಭಯಕ್ಕೆ ನೀರಿಗಿಳಿಯಬೇಡ. ಅವರ ಕುಡಿತದ ಕಾವಲು ನಿನ್ನ ಹೆಗಲ ಮೇಲಿಲ್ಲ. ಮತ್ತೆ ಆಸೆ ಬಂದರೆ ಪ್ರಾರ್ಥನೆ ಒಂದೇ ಸಾಕು ಅಂತಲೂ ಕೂರಬೇಡಿ. ನಮ್ಮ ಯಜಮಾನರು ಕುಡಿತ ಬಿಟ್ಟ ಹೊಸದರಲ್ಲಿ ಕೈಕಾಲು ನಡುಗಿ ಫಿಟ್ಸ್ ಬಂದ ಹಾಗಾಯಿತು. ಪ್ರಾರ್ಥನೆ ಮಾಡಿದ ಪಾಸ್ಟರೇ ಜೊತೆಗೆ ಬಂದು ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಸೇರಿಸಿದರು. ಅಲ್ಲಿಯ ಡಾಕ್ಟರರೂ ದೇವರು ಕಳಿಸಿದವರೇ ಅಂತ ಅವರು ಹೇಳಿದ್ದು ನನಗೆ ತುಂಬಾ ಹಿಡಿಸಿತ್ತು.

ನನ್ನ ಕಥೆ ಇಷ್ಟು. ಕೈ ಸುಟ್ಟ ಮೇಲೆ ಅವರಿಗೆ ಪುಸ್ತಕ ಹಿಡಿಯಲು ಆಗುತ್ತಿರಲಿಲ್ಲ, ಓದೂ ಅಷ್ಟಕ್ಕಷ್ಟೇ. ನಾನು ಹತ್ತನೇತ್ತೆ ಪಾಸು. ರಾತ್ರಿ ಒಂದೊಂದು ಅಧ್ಯಾಯ ಓದಿ ಹೇಳು ಅಂದರು. ನಾನು ಅವರಿಗೋಸ್ಕರ ಓದಿದೆ, ನನಗೋಸ್ಕರ ಅಲ್ಲ. ಲೂಕನ 13ನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಹದಿನೆಂಟು ವರ್ಷದಿಂದ ನಡು ಬಗ್ಗಿಹೋಗಿದೆ, ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಸಬ್ಬತ್ ದಿನ, ಅಂದರೆ ಯೆಹೂದ್ಯರು ಕೆಲಸ ಮಾಡದ ವಿಶ್ರಾಂತಿ ದಿನ, ಸಭಾಮಂದಿರದಲ್ಲಿ ಇದ್ದಳು. ಅವಳು ಏನೂ ಬೇಡಲಿಲ್ಲ, ಹರಕೆ ಹೊರಲಿಲ್ಲ, ಅವಳ ಪರವಾಗಿ ಯಾರೂ ಮಾತಾಡಲಿಲ್ಲ. ಯೇಸು ತಾನೇ ಅವಳನ್ನು ಕಂಡು, ಹತ್ತಿರ ಕರೆದು, ಕೈ ಇಟ್ಟ. ಅವಳು ನೆಟ್ಟಗಾದಳು. ಸಬ್ಬತ್ ದಿನ ಯಾಕೆ ವಾಸಿ ಮಾಡಿದೆ ಅಂತ ಸಭಾಮಂದಿರದ ಅಧ್ಯಕ್ಷನಿಗೆ ಸಿಟ್ಟು. ಯೇಸು ಎಲ್ಲರೆದುರು ಅವಳನ್ನು ಅವರ ಮೂಲಪುರುಷ ಅಬ್ರಹಾಮನ ಮಗಳು ಅಂತ ಕರೆದ.

ನಾನು ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಮುಂದೆ ಬಗ್ಗಿ ರೊಟ್ಟಿ ಬಡಿಯುವವಳು. ಆಗ ಬೇರೆಯವರ ಮನೆಗೆ ರೊಟ್ಟಿ ಮಾಡಿಕೊಡುತ್ತಿದ್ದೆ. ಅವತ್ತು ಓದುತ್ತಾ ಓದುತ್ತಾ ನನ್ನ ದನಿ ನಿಂತಿತು. ಇವರು ಏನಾಯಿತು ಅಂತ ಕೇಳಿದರು, ನಾನು ಹೇಳಲಿಲ್ಲ. ಮರುದಿನ ಯಾರಿಗೂ ಕಾಣದ ಹಾಗೆ ಅದೇ ಭಾಗ ಮತ್ತೆ ಓದಿದೆ. ನನ್ನನ್ನು ಇಷ್ಟು ದಿನ ಯಾರೂ ಹಾಗೆ ನೋಡಿರಲಿಲ್ಲ. ಅಲ್ಲಿಂದ ಶುರು. ದೀಕ್ಷೆ ತೆಗೆದುಕೊಳ್ಳಲು ಆಮೇಲೂ ವರ್ಷಗಳೇ ಹಿಡಿದವು. ಯಜಮಾನರು ಒಂದು ದಿನವೂ ಅವಸರ ಮಾಡಲಿಲ್ಲ. ಮಾಡಿದ್ದರೆ ನಾನು ಬರುತ್ತಿರಲಿಲ್ಲ.

ಬದುಕು ಬೇರೆ ದಾರಿ ಹಿಡಿದದ್ದು ಹೀಗೆ: ನಾನು ಜನರಿಂದ ಲೆಕ್ಕ ಮುಚ್ಚಿಡುವುದನ್ನು ಬಿಟ್ಟೆ. ಮುಂಚೆ ಮಾನ ಹೋಗುತ್ತದೆ ಅಂತ ಸಾಲ ಮುಚ್ಚಿಟ್ಟು ಸಾಲ ಮಾಡುತ್ತಿದ್ದೆ. ಸ್ತ್ರೀಶಕ್ತಿ ಸಂಘದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರೇ ಸಾಲ ಕೊಟ್ಟರು, ಎರಡು ಒಲೆ ಹಾಕಿ ಖಾನಾವಳಿ ತೆಗೆದೆ. ಈಗ ನನ್ನ ಜೊತೆ ಗಂಡ ಇಲ್ಲದ, ಗಂಡ ಬಿಟ್ಟ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಅವರಲ್ಲಿ ಯಾರನ್ನೂ ನಾನು ಚರ್ಚಿಗೆ ಬಾ ಅಂದಿಲ್ಲ. ಪಗಾರ ಕೊಡುವ ಕೈ ಧರ್ಮದ ಮಾತಾಡಿದರೆ ಅವರು ಹೂಂ ಅನ್ನದೆ ಏನು ಮಾಡುತ್ತಾರೆ? ಕೇಳಿದವರಿಗೆ ಹೇಳುತ್ತೇನೆ. ಹಾಗಂತ ಮುಚ್ಚಿಡುವುದೂ ಇಲ್ಲ, ಗಲ್ಲೆ ಪೆಟ್ಟಿಗೆ ಪಕ್ಕದಲ್ಲೇ ಸತ್ಯವೇದ ಇರುತ್ತದೆ.

ಕಡೆಯದಾಗಿ ಪಾಸ್ಟರ್ ವಿಷಯ. ಮುಂದಿನ ತಿಂಗಳೇ ಯಾಕೆ? ನಾವು ಮೆಥಡಿಸ್ಟ್ ಚರ್ಚಿಗೆ ಹೋಗುತ್ತೇವೆ, ನಮಗೆ ತಿಂಗಳುಗಟ್ಟಲೆ ಪಾಠ ಮಾಡಿದರು. ಕೆಥೋಲಿಕರಲ್ಲಂತೂ ದೊಡ್ಡವರಾದರೆ ಚೆನ್ನಾಗಿ ಕಲಿಸಿ, ಪರೀಕ್ಷಿಸಿ, ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ ಜ್ಞಾನಸ್ನಾನ ಕೊಡುತ್ತಾರೆ, ದೀಕ್ಷಾಸ್ನಾನಕ್ಕೆ ಅವರು ಹಾಗನ್ನುತ್ತಾರೆ. ಮಂದೆ ಕಾಯುವ ಕುರುಬನ ಹಾಗೆ ಇರುವ ನಿಜವಾದ ಪಾಸ್ಟರ್ ಅವಸರ ಮಾಡುವುದಿಲ್ಲ. ಅವರನ್ನು ಮನೆಗೆ ಕರೆಸು, ಅತ್ತೆಯ ಎದುರಿಗೆ ಕೂರಿಸು. ಆ ಮುದುಕಿಯ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರೆ ಒಳ್ಳೆಯ ಮನುಷ್ಯ ಅಂತ ತಿಳಿ. ಬರಲು ಒಪ್ಪದಿದ್ದರೆ ಯಜಮಾನರಿಗೆ ಬೇರೆ ಸಭೆ ನೋಡಲು ಹೇಳು.

ಖಣದ ಮಗ್ಗ, ಗುಳೇದಗುಡ್ಡ:

ಅಕ್ಕ ಬರೆದದ್ದು ಓದಿ ಕಣ್ಣು ತುಂಬಿತು. ನಮ್ಮ ಮನೆತನ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು. 1851ರಲ್ಲಿ ನಮ್ಮೂರಲ್ಲಿ ಮಿಷನ್ ಕೇಂದ್ರ ಆಯಿತು. ಈಗ ನಾವು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರು. ಜೋಳದ ತೆನೆ ಅವರೇ, ನಿಮ್ಮ ಅತ್ತೆಗೆ ಮಗ ಪರದೇಶಿ ಆಗಿಬಿಡುತ್ತಾನೆ ಅನ್ನೋ ಭಯ ಇರಬೇಕು. ಹಾಗೇನೂ ಆಗುವುದಿಲ್ಲ ಅಂತ ಹೇಳಿ. ನಮ್ಮಜ್ಜಿ ಇಳಕಲ್ ಸೀರೆ ಉಟ್ಟು, ನಮ್ಮೂರ ಖಣದ ಕುಪ್ಪಸ ತೊಟ್ಟೇ ಚರ್ಚಿಗೆ ಹೋಗುತ್ತಿದ್ದಳು. ಕ್ರಿಸ್ಮಸ್‌ಗೆ ನಮ್ಮಲ್ಲಿ ಕೇಕಿಗಿಂತ ಶೇಂಗಾ ಹೋಳಿಗೆ ಜಾಸ್ತಿ. ಎಳ್ಳಮಾವಾಸ್ಯೆಗೆ ಅಕ್ಕಪಕ್ಕದ ಹೊಲದವರು ಕರೆದರೆ ನಾವೂ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಪೈರಿನ ಮುಂದೆ ನಿಂತು ಪ್ರಾರ್ಥನೆ ಮಾಡಿ ಎಲ್ಲರ ಜೊತೆ ಉಣ್ಣುತ್ತೇವೆ.

ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆ ಅನ್ನುವ ಕೆಥೋಲಿಕ ಸಂಘದ (ಜೆಸ್ವಿಟ್) ಗುರುಗಳು ಕಟ್ಟಿದ ವಿರಕ್ತ ಮಠ ಇದೆ. ಅನಿಮಾನಂದ ಸ್ವಾಮಿಗಳು ಅಲ್ಲಿ ಕಾವಿ ಉಟ್ಟು, ಮಾಂಸ ಬಿಟ್ಟು, ನಮ್ಮ ಕಡೆಯ ಸ್ವಾಮಿಗಳ ಹಾಗೆಯೇ ಬದುಕಿದರು. ಕ್ರಿಸ್ತನನ್ನು ನಂಬಲು ಊರಿನ ರೀತಿ ಬಿಡಬೇಕಾಗಿಲ್ಲ ಅನ್ನೋದಕ್ಕೆ ನಾನು ಯಾವಾಗಲೂ ಅವರನ್ನೇ ನೆನೆಯುತ್ತೇನೆ. ಅತ್ತೆಯವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಕರಿಕೋಟು, ಬಾಗಲಕೋಟೆ:

ವಕೀಲಿ ಮಾಡುತ್ತೇನೆ. ಕಾನೂನಿನ ಭಾಗ ಯಾರೂ ಹೇಳಿಲ್ಲ, ಅದನ್ನು ಹೇಳುತ್ತೇನೆ.

ಹೊಲದ ಬಗ್ಗೆ ಮೈದುನ ಹೇಳಿದ್ದು ತಪ್ಪು. ಧರ್ಮ ಬದಲಿಸಿದ ಮಾತ್ರಕ್ಕೆ ನಿಮ್ಮ ಯಜಮಾನರ ಪಾಲು ಹೋಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಅಡ್ಡಿ ಮಾಡುವುದು ಮತಾಂತರ ಆದ ಮೇಲೆ ಹುಟ್ಟುವ ಮಕ್ಕಳಿಗೆ, ಅದೂ ಹಿಂದೂ ಸಂಬಂಧಿಕರ ಆಸ್ತಿಯ ವಿಷಯದಲ್ಲಿ. ನಿಮ್ಮ ಮಗಳು ಮೊದಲೇ ಹುಟ್ಟಿದವಳು, ಅವಳಿಗೆ ಅದು ತಾಗುವುದಿಲ್ಲ. ನಿಮ್ಮ ಮದುವೆಯೂ ತಾನಾಗಿ ಮುರಿಯುವುದಿಲ್ಲ. ಗಂಡ ಬೇರೆ ಧರ್ಮಕ್ಕೆ ಹೋದರೆ ಹೆಂಡತಿ ವಿಚ್ಛೇದನ ಕೇಳಬಹುದು ಅಂತ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿದೆ. ಕೇಳುವುದು ಬಿಡುವುದು ನಿಮ್ಮ ಇಷ್ಟ.

ಜಾತಿಯ ವಿಷಯ ಮಾತ್ರ ಗಂಭೀರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಸೇರಿಲ್ಲ. ಹಾಗಾಗಿ ದೀಕ್ಷೆ ತೆಗೆದುಕೊಂಡರೆ ಯಜಮಾನರ ಎಸ್‌ಸಿ ಸ್ಥಾನ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಅಂಥವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಒಳಗೊಳಗೆ ಕ್ರೈಸ್ತರಾಗಿದ್ದು ಕಾಗದದಲ್ಲಿ ಹಿಂದೂ ಅಂತ ಇರೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ಮಾಡುವ ವಂಚನೆ ಅಂದಿದೆ. ದಲಿತರು ಕ್ರೈಸ್ತರಾದರೂ ಊರಲ್ಲಿ ಅವರ ಕೇರಿ ಬದಲಾಗುವುದಿಲ್ಲ. ಅಸ್ಪೃಶ್ಯತೆ ಹಾಗೇ ಇರುತ್ತದೆ, ಸೌಲಭ್ಯ ಮಾತ್ರ ಹೋಗುತ್ತದೆ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಇದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಮಗಳು ಹಿಂದೂ ಆಗಿ ಬೆಳೆದಿದ್ದಾಳೆ, ನೀವೂ ಹಿಂದೂ ಆಗಿಯೇ ಇದ್ದೀರಿ. ಅವಳ ಯಾವ ದಾಖಲೆಯನ್ನೂ ಮುಟ್ಟಬೇಡಿ. ತಹಶೀಲ್ದಾರರು ಪ್ರಶ್ನೆ ಎತ್ತಿದರೆ ಉತ್ತರ ಕೊಡಲು ಶಾಲೆಯ ದಾಖಲೆ, ನಿಮ್ಮ ಜಾತಿ ಪ್ರಮಾಣಪತ್ರ ಜೋಡಿಸಿಟ್ಟುಕೊಳ್ಳಿ. ಅವಳಿಗೆ ಹದಿನೆಂಟು ತುಂಬಿದ ಮೇಲೆ ಅವಳ ಧರ್ಮ ಅವಳೇ ನೋಡಿಕೊಳ್ಳಲಿ.

ಇನ್ನು ಮತಾಂತರದ ಕಾಯ್ದೆ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ವಿಧಾನಸಭೆ ಒಪ್ಪಿದ ಮಸೂದೆ 2022ರಲ್ಲಿ ಕಾಯ್ದೆ ಆಯಿತು. ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು, ಆದ ಮೇಲೆ 30 ದಿನದೊಳಗೆ ಮತ್ತೊಂದು ಕೊಡಬೇಕು ಅಂತ ಅದು ಹೇಳುತ್ತದೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ನೀವು ವಿಜಯಪುರದ ಡಿಸಿ ಕಚೇರಿಗೆ ಅರ್ಜಿ ಕೊಟ್ಟು ಸದ್ಯದ ನಿಯಮ ಏನು ಅಂತ ಲಿಖಿತವಾಗಿ ಪಡೆದು ಮುಂದುವರಿಯಿರಿ. ಹೊಳೆಯ ದಂಡೆಯಲ್ಲಿ ಯಾರೋ ಮೊಬೈಲ್ ಹಿಡಿದು ಗಲಾಟೆ ಶುರು ಮಾಡಿದರೆ ಆ ಕಾಗದ ಉಪಯೋಗಕ್ಕೆ ಬರುತ್ತದೆ. ಸ್ವಂತ ಇಷ್ಟದಿಂದ ನಂಬುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ, ಅದಕ್ಕೆ ಹೆದರಬೇಕಾಗಿಲ್ಲ.

ಜೋಳದ ತೆನೆ, ವಿಜಯಪುರ:

ಎಲ್ಲರಿಗೂ ಕೈಮುಗಿಯುತ್ತೇನೆ. ವಕೀಲ ಸರ್, ಹೊಲದ ವಿಷಯ ಮೈದುನನಿಗೆ ಓದಿ ಹೇಳಿದೆ, ಸುಮ್ಮನಾದ.

ಅಕ್ಕಾ, ನೀವು ಹೇಳಿದ ಪ್ರಶ್ನೆ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: 'ಕುಡಿಯೂದು ಬಿಟ್ಟೀನಿ ಅಂತ ಅಲ್ಲ. ತಾಸಗಾಂವದಾಗ ಕುಡಿದು ಗಾಡಿಯೊಳಗ ಬಿದ್ದಾಗ ನನ್ನ ಮಾರಿ ನನಗ ಬ್ಯಾಡಾಗಿತ್ತು. ಅವಾಗೂ ಅಂವಾ ನನ್ನ ಬ್ಯಾಡ ಅಂದಿರಲಿಲ್ಲ ಅಂತ ಈಗ ತಿಳದೈತಿ. ಗಾಡಿ ಹೋದರ ಹೋಗ್ಲಿ, ಅಂವನ್ನ ಬಿಡೂದಿಲ್ಲ.' ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ತಮ್ಮ ಒಳಗಿನದು ಹೇಳಿದ್ದು ಇದೇ ಮೊದಲು. ನಾನು ಬೇಡ ಅನ್ನಲಿಲ್ಲ. ಮಗಳ ಪರೀಕ್ಷೆ ಮುಗಿಯಲಿ, ಡಿಸಿ ಆಫೀಸಿನ ಕಾಗದ ಬರಲಿ, ಅಲ್ಲಿತನಕ ತಡೀರಿ ಅಂದೆ. ಒಪ್ಪಿದರು. ನಾನು ಈಗ ಎಲ್ಲಿದ್ದೇನೋ ಅಲ್ಲೇ ಇರುತ್ತೇನೆ ಅಂತಲೂ ಹೇಳಿದೆ. ಅದಕ್ಕೂ ಒಪ್ಪಿದರು.

ಅತ್ತೆಗೆ ತಾವೇ ಹೋಗಿ ಹೇಳಿದರು. ಭಾರತ ಹುಣ್ಣಿಮೆಗೆ ನಿನ್ನನ್ನು ಯಲ್ಲಮ್ಮನ ಗುಡ್ಡಕ್ಕೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತೇನೆ, ಗುಡಿಯೊಳಗೆ ಬರುವುದಿಲ್ಲ, ಹೊರಗೆ ಚೀಲ ಕಾಯುತ್ತೇನೆ ಅಂದರು. ಅತ್ತೆ ಬಾಯಿ ಬಿಡಲಿಲ್ಲ. ಆದರೆ ರಾತ್ರಿ ಅವರ ತಾಟಿಗೆ ತಾವೇ ರೊಟ್ಟಿ ಹಾಕಿದರು. ಪಾಸ್ಟರ್ ಮನೆಗೆ ಬರಲು ಒಪ್ಪಿದ್ದಾರೆ. ಬೋರಮಾಳದ ಮಾತು ಎತ್ತಿದೆ, ಈ ಸೀಸನ್ನಿನ ಮೊದಲ ಬಾಡಿಗೆಗಳು ಸೊಸೈಟಿಗೆ ಅಂದಿದ್ದಾರೆ.

ಅಕ್ಕಾ, ಪಾಸ್ಟರ್ ಬಂದ ದಿನ ಅತ್ತೆ ಏನಾದರೂ ಬಿರುಸಾಗಿ ಅಂದುಬಿಟ್ಟರೆ ನಾನೇನು ಮಾಡಲಿ?

ಉದ್ಯಮಬಾಗ್ ಖಾನಾವಳಿ, ಬೆಳಗಾವಿ:

ತಂಗಿ, ಅನ್ನಲಿ ಬಿಡು. ಮಗನನ್ನು ಹೆತ್ತವಳು, ಅವಳಿಗೆ ಅನ್ನುವ ಹಕ್ಕಿದೆ. ನೀನು ನಡುವೆ ಬಾಯಿ ಹಾಕಬೇಡ, ಯಜಮಾನರೂ ಹಾಕಬಾರದು ಅಂತ ಮೊದಲೇ ಹೇಳಿಡು. ಪಾಸ್ಟರ್ ಒಬ್ಬರೇ ಬರಲಿ, ನಾಲ್ಕು ಜನರನ್ನು ಕಟ್ಟಿಕೊಂಡು ಬರುವುದು ಬೇಡ. ಪ್ರಾರ್ಥನೆ ಮಾಡಬೇಕಾ ಬೇಡವಾ ಅಂತ ಅತ್ತೆಯನ್ನು ಕೇಳಿಯೇ ಮಾಡಲಿ. ಚಹಾ ಅತ್ತೆಯ ಕೈಯಿಂದಲೇ ಕೊಡಿಸು, ಆಗದಿದ್ದರೆ ನೀನೇ ಕೊಡು. ಪರೀಕ್ಷೆ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ನೀವು ಮೂರೂ ಜನ ಬೆಳಗಾವಿಗೆ ಬನ್ನಿ. ಭಾನುವಾರ ಬರುವುದಾದರೆ ಹನ್ನೆರಡರ ಮೇಲೆ ಬನ್ನಿ, ಅಲ್ಲಿಯವರೆಗೆ ನಾವು ಚರ್ಚಿನಲ್ಲಿರುತ್ತೇವೆ. ನಮ್ಮ ಯಜಮಾನರು ನಿನ್ನ ಯಜಮಾನರ ಜೊತೆ ಮಾತಾಡಬೇಕು ಅಂತಿದ್ದಾರೆ.